ಕ್ರೌನ್-ಪಿನಿಯನ್ ಬದಲಿಸಿ ಲಾಕರ್ ಕೂರಿಸುವುದು ಹೇಗೆ?

"ದೊಡ್ಡ ಟೈರ್ ಹಾಕಿದ ಮೇಲೆ ಗಾಡಿ ಎಳೀತಾನೇ ಇಲ್ಲ, ಏನ್ ಮಾಡ್ಲಿ?" "ಒಂದು ಚಕ್ರ ಸುಮ್ನೆ ತಿರುಗುತ್ತೆ, ಇನ್ನೊಂದು ಅಲ್ಲಾಡಲ್ಲ, ಲಾಕರ್ ಹಾಕಿಸ್ಲಾ?" ಆಫ್‌ರೋಡ್ ಓಡಿಸುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು ಇವು. ಎರಡಕ್ಕೂ ಉತ್ತರ ಇರುವುದು ಒಂದೇ ಜಾಗದಲ್ಲಿ, ಆಕ್ಸಲ್ ನಡುವೆ ಉಬ್ಬಿಕೊಂಡಿರುವ ಹೌಸಿಂಗ್ ಒಳಗೆ. ಅದಕ್ಕೇ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನೀವೂ ಎರಡನ್ನೂ ಒಟ್ಟಿಗೇ ಮಾಡಿ. ಲಾಕರ್ ಕೂರಿಸಲು ಏನೇನು ಬಿಚ್ಚಬೇಕೋ, ಗೇರ್ ಬದಲಿಸಲೂ ಅದನ್ನೇ ಬಿಚ್ಚಬೇಕು. ಎರಡು ಸಲ ಯಾಕೆ ಬೆವರು ಸುರಿಸಬೇಕು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಬೇಕಾಗಿರುವುದು ತೋಳ್ಬಲ ಅಲ್ಲ, ಅಳೆಯುವ ತಾಳ್ಮೆ. ಮಿಲಿಮೀಟರಿನ ಹತ್ತನೇ ಒಂದು ಭಾಗ ಆಚೀಚೆ ಆದರೆ ಹೊಸ ಗೇರ್ ಕೂಗುತ್ತದೆ, ಇನ್ನೂ ಜಾಸ್ತಿ ಆದರೆ ಹಲ್ಲು ಮುರಿಯುತ್ತದೆ. ಬ್ರೇಕ್, ಹಬ್ ಬೇರಿಂಗ್ ಕೆಲಸ ಸ್ವತಃ ಮಾಡಿ ಗೊತ್ತಿದ್ದವರು ಇದಕ್ಕೆ ಕೈ ಹಾಕಬಹುದು. ಡಯಲ್ ಗೇಜ್ ಇಲ್ಲದೆ, ಕೈಯಲ್ಲೇ ಅಂದಾಜು ನೋಡಿ ಮಾಡುತ್ತೇನೆ ಅನ್ನುವವರು ದಯವಿಟ್ಟು ಬಲ್ಲ ಮೆಕ್ಯಾನಿಕ್ ಹತ್ತಿರ ಹೋಗಿ.

ಒಳಗೆ ಏನೇನಿದೆ

ಪ್ರೊಪೆಲ್ಲರ್ ಶಾಫ್ಟ್ ತುದಿಗೆ ಸೇರುವ ಚಿಕ್ಕ ಗೇರ್ ಪಿನಿಯನ್. ಅದು ತಿರುಗಿಸುವ ದೊಡ್ಡ ಬಳೆಯಾಕಾರದ ಗೇರ್ ಕ್ರೌನ್. ಕ್ರೌನನ್ನು ಬೋಲ್ಟ್ ಹಾಕಿ ಕಟ್ಟಿರುವ ಕಬ್ಬಿಣದ ಗೂಡು ಕ್ಯಾರಿಯರ್. ಕ್ಯಾರಿಯರ್ ಒಳಗಿರುವ ಪುಟ್ಟ ಗೇರ್‌ಗಳು ಸ್ಪೈಡರ್ ಗೇರ್. ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ, ಒಳಗಿನದು ಕಮ್ಮಿ ತಿರುಗುವಂತೆ ಮಾಡುವುದು ಇವೇ. ಹಿಡಿತ ಇಲ್ಲದ ಚಕ್ರ ಸುಮ್ನೆ ತಿರುಗುತ್ತಾ ಇರಲು ಕಾರಣವೂ ಇವೇ. ಲಾಕರ್ ಮಾಡುವುದು ಇಷ್ಟೇ: ಎಡ ಬಲ ಆಕ್ಸಲ್ ಶಾಫ್ಟ್‌ಗಳನ್ನು ಒಂದಾಗಿಸಿ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವ ಹಾಗೆ ಮಾಡುತ್ತದೆ.

ಇನ್ನು ಮೂರು ಪದ ಮುಂದೆ ಪದೇ ಪದೇ ಬರುತ್ತವೆ. ಶಿಮ್ ಅಂದರೆ ಅಂತರ ಹೊಂದಿಸಲು ಹಾಕುವ ತೆಳುವಾದ ಉಕ್ಕಿನ ಬಿಲ್ಲೆ. ಬ್ಯಾಕ್‌ಲ್ಯಾಷ್ ಅಂದರೆ ಪಿನಿಯನ್ ಅಲ್ಲಾಡದಂತೆ ಹಿಡಿದು ಕ್ರೌನನ್ನು ಹಿಂದೆ ಮುಂದೆ ಆಡಿಸಿದಾಗ ಸಿಗುವ ಚೂರು ಪ್ಲೇ. ಪ್ರೀಲೋಡ್ ಅಂದರೆ ಬೇರಿಂಗ್ ಸಡಿಲ ಇಲ್ಲದಂತೆ ಅದರ ಮೇಲೆ ಬೇಕಂತಲೇ ಇಡುವ ಬಿಗಿ.

ಯಾವ ರೇಶಿಯೊ?

ಕ್ರೌನ್ ಹಲ್ಲಿನ ಸಂಖ್ಯೆಯನ್ನು ಪಿನಿಯನ್ ಹಲ್ಲಿನ ಸಂಖ್ಯೆಯಿಂದ ಭಾಗಿಸಿದರೆ ರೇಶಿಯೊ ಸಿಗುತ್ತದೆ. 41 ಮತ್ತು 10 ಹಲ್ಲು ಇದ್ದರೆ 4.10. 39 ಮತ್ತು 8 ಇದ್ದರೆ 4.88. ಸಂಖ್ಯೆ ದೊಡ್ಡದಾದಷ್ಟೂ ಎಳೆತ ಜಾಸ್ತಿ, ಅದೇ ವೇಗಕ್ಕೆ ಇಂಜಿನ್ ತಿರುಗುವುದೂ ಜಾಸ್ತಿ.

ಟೈರ್ ದೊಡ್ಡದು ಮಾಡಿದಾಗ ಕಳೆದುಹೋದ ಎಳೆತ ವಾಪಸ್ ಬರಬೇಕಾದರೆ ಲೆಕ್ಕ ಹೀಗೆ: ಹಳೆ ರೇಶಿಯೊವನ್ನು ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆ ಟೈರಿನ ಎತ್ತರದಿಂದ ಭಾಗಿಸಿ. 31 ಇಂಚಿನಿಂದ 35 ಇಂಚಿಗೆ ಹೋದಿರಿ, ಗೇರ್ 4.10 ಇತ್ತು ಅಂದುಕೊಳ್ಳಿ. 4.10 × 35 ÷ 31 ಅಂದರೆ ಸುಮಾರು 4.63. ಇಂಥ ಗೇರ್ ಸಾಮಾನ್ಯವಾಗಿ ಸಿಗುವುದಿಲ್ಲ. ಹತ್ತಿರದವು 4.56 ಮತ್ತು 4.88. ಹೆದ್ದಾರಿಯಲ್ಲೇ ಜಾಸ್ತಿ ಓಡಿಸುವವರು 4.56 ತಗೊಳ್ಳಿ. ಕಲ್ಲು, ಕೆಸರು, ಏರು ಜಾಸ್ತಿ ಇದ್ದರೆ ನಾನು 4.88 ಕಡೆ. ದೊಡ್ಡ ಟೈರ್ ಜೊತೆ ಅದರ ತೂಕವೂ ಬಂದಿರುತ್ತದೆ, ಅದು ಈ ಲೆಕ್ಕದಲ್ಲಿ ಸೇರಿಲ್ಲ ಅಲ್ವಾ?

ಹೆದ್ದಾರಿಯಲ್ಲಿ ಇಂಜಿನ್ ಎಷ್ಟು ತಿರುಗುತ್ತದೆ ಅಂತ ಮೊದಲೇ ನೋಡಿಕೊಳ್ಳಬಹುದು. ಗಂಟೆಗೆ ಕಿ.ಮೀ. ವೇಗ × ಆಕ್ಸಲ್ ರೇಶಿಯೊ × ಗೇರ್‌ಬಾಕ್ಸ್‌ನ ಆ ಗೇರಿನ ರೇಶಿಯೊ × 209, ಇದನ್ನು ಇಂಚಿನಲ್ಲಿರುವ ಟೈರ್ ಎತ್ತರದಿಂದ ಭಾಗಿಸಿ. ಗೇರ್‌ಬಾಕ್ಸ್ ನೇರ ಗೇರಿನಲ್ಲಿದ್ದು, ಅಂದರೆ ಒಂದಕ್ಕೊಂದು ರೇಶಿಯೊ ಇದ್ದು, 100 ಕಿ.ಮೀ. ವೇಗದಲ್ಲಿ 4.10 ಮತ್ತು 31 ಇಂಚಿಗೆ ಸುಮಾರು 2,760 ಆರ್‌ಪಿಎಂ. 4.88 ಮತ್ತು 35 ಇಂಚಿಗೆ ಸುಮಾರು 2,910. ಓವರ್‌ಡ್ರೈವ್, ಅಂದರೆ ಒಂದಕ್ಕಿಂತ ಕಮ್ಮಿ ರೇಶಿಯೊದ ಗೇರ್, ಇದ್ದರೆ ಇನ್ನೂ ಕಮ್ಮಿ. ಟೈರ್ ಮೇಲೆ 35 ಅಂತ ಬರೆದಿದ್ದರೂ ಗಾಡಿಯ ಭಾರ ಬಿದ್ದಾಗ ಅಷ್ಟು ಇರುವುದಿಲ್ಲ. ಹಳೆಯದನ್ನೂ ಹೊಸದನ್ನೂ ಒಂದೇ ರೀತಿ ಅಳೆಯಿರಿ, ಸಾಕು.

ಸಿಕ್ಕಿದ್ದರಲ್ಲಿ ದೊಡ್ಡ ಸಂಖ್ಯೆಗೇ ಹಾರಬೇಡಿ. ಕ್ರೌನಿನ ಅಳತೆ ಬದಲಾಗುವುದಿಲ್ಲ. ಹಾಗಾಗಿ ರೇಶಿಯೊ ಏರಿದಷ್ಟೂ ಪಿನಿಯನ್ ಸಣ್ಣಗಾಗುತ್ತದೆ. ಡಾನಾ 30 ತರಹದ ಚಿಕ್ಕ ಆಕ್ಸಲ್‌ನಲ್ಲಿ ತೀರಾ ಮೇಲಿನ ರೇಶಿಯೊ ಹಾಕಿದರೆ ಪಿನಿಯನ್ನೇ ಬಡಕಲು ಆಗಿಬಿಡುತ್ತದೆ.

ಇನ್ನೊಂದು ಕಡ್ಡಾಯ. ನಾಲ್ಕು ಚಕ್ರ ಎಳೆಯುವ ಗಾಡಿಯಲ್ಲಿ ಹಿಂದೆ ಮುಂದೆ ಎರಡೂ ಆಕ್ಸಲ್‌ಗೆ ಒಂದೇ ರೇಶಿಯೊ ಇರಲೇಬೇಕು. ಹಿಂದಿನದು ಈಗ, ಮುಂದಿನದು ಆಮೇಲೆ ನೋಡೋಣ ಅಂತ ಬಿಟ್ಟರೆ, ಅಲ್ಲಿಯವರೆಗೆ ಫೋರ್ ವೀಲ್ ಡ್ರೈವ್ ಹಾಕುವಂತಿಲ್ಲ. ಹಾಕಿದರೆ ಎರಡು ಶಾಫ್ಟ್ ಒಂದನ್ನೊಂದು ಎಳೆದಾಡಿ, ಅವಕ್ಕೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ.

ಯಾವ ಲಾಕರ್?

ಲಂಚ್‌ಬಾಕ್ಸ್ ಲಾಕರ್ ಅಂತ ಕರೆಯುವುದು ಇರುವ ಕ್ಯಾರಿಯರ್ ಒಳಗಿನ ಸ್ಪೈಡರ್ ಗೇರ್ ತೆಗೆದು ಆ ಜಾಗಕ್ಕೆ ಹಾಕುವಂಥದ್ದು. ಗೇರ್ ಬದಲಿಸುವ ಯೋಚನೆ ಇಲ್ಲ, ಲಾಕರ್ ಮಾತ್ರ ಸಾಕು ಅನ್ನುವವರಿಗೆ ಇದೇ ಸುಲಭ. ಪಿನಿಯನ್ ಮುಟ್ಟುವುದೇ ಬೇಡ, ಈ ಲೇಖನದ ಅರ್ಧ ಕೆಲಸ ತಪ್ಪುತ್ತದೆ. ಆದರೆ ಕ್ಯಾರಿಯರ್ ಹಳೆಯದೇ, ಅದರ ಗಟ್ಟಿತನವೂ ಅಷ್ಟೇ.

ಡೆಟ್ರಾಯಿಟ್ ಲಾಕರ್ ತರಹದ್ದು ಕ್ಯಾರಿಯರ್ ಸಮೇತ ಬರುತ್ತದೆ, ತುಂಬಾ ಗಟ್ಟಿ. ಇದೂ ಲಂಚ್‌ಬಾಕ್ಸೂ ತಾವಾಗಿಯೇ ಲಾಕ್ ಆಗುವ ಜಾತಿ. ಆಕ್ಸಿಲರೇಟರ್ ಒತ್ತಿದಾಗ ಎರಡೂ ಚಕ್ರ ಒಟ್ಟಿಗೆ. ತಿರುವಿನಲ್ಲಿ ಹೊರಗಿನ ಚಕ್ರ ಬಿಟ್ಟುಕೊಂಡು ಓಡುತ್ತದೆ, ಆಗ ಟಕಟಕ ಸದ್ದು ಬರುತ್ತದೆ. ಬಿಗಿ ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದರೆ ಗಾಡಿ ಪಕ್ಕಕ್ಕೆ ಜಗ್ಗುತ್ತದೆ. ಉದ್ದ ಕಮ್ಮಿ ಇರುವ ಗಾಡಿಯಲ್ಲಿ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಮನೆಯವರೂ ಓಡಿಸುವ ಗಾಡಿ ಆದರೆ ಇದನ್ನು ಯೋಚಿಸಿ.

ಬೇಕಾದಾಗ ಮಾತ್ರ ಹಾಕಿಕೊಳ್ಳುವ ಲಾಕರ್ ಮೂರನೆಯದು. ಎಆರ್‌ಬಿ ಏರ್ ಲಾಕರ್ ಗಾಳಿಯಿಂದ, ಈಟನ್ ಇ-ಲಾಕರ್ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ಸ್ವಿಚ್ ಒತ್ತುವವರೆಗೆ ಮಾಮೂಲಿ ಡಿಫರೆನ್ಷಿಯಲ್. ಊರಿನ ರಸ್ತೆಯಲ್ಲೂ ಕಾಡಿನ ದಾರಿಯಲ್ಲೂ ಓಡುವ ಗಾಡಿಗೆ, ಅದರಲ್ಲೂ ಮುಂದಿನ ಆಕ್ಸಲ್‌ಗೆ, ನನ್ನ ಓಟು ಇದಕ್ಕೇ. ಮುಂದೆ ಸದಾ ಲಾಕ್ ಆಗುವಂಥದ್ದನ್ನು ಹಾಕಿದರೆ ಫೋರ್ ವೀಲ್‌ನಲ್ಲಿ ಸ್ಟೀರಿಂಗ್ ತಿರುಗಿಸಲು ಹೆಣಗಾಡಬೇಕು.

ಸ್ಪೂಲ್ ಅನ್ನುವುದು ಎರಡೂ ಶಾಫ್ಟನ್ನು ಖಾಯಂ ಜೋಡಿಸಿಬಿಡುತ್ತದೆ. ಅದು ಸ್ಪರ್ಧೆಯ ಗಾಡಿಗೆ. ರಸ್ತೆಗೆ ಬೇಡ.

ಆರ್ಡರ್ ಕೊಡುವ ಮುಂಚೆ

ಜಾಸ್ತಿ ಜನ ಎಡವುವುದು ಇಲ್ಲೇ. ಆಕ್ಸಲ್ ಯಾವ ಮಾದರಿ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಒಂದೇ ಗಾಡಿಯ ಬೇರೆ ಬೇರೆ ವರ್ಷದ ಮಾಡೆಲ್‌ಗಳಲ್ಲಿ ಬೇರೆ ಆಕ್ಸಲ್ ಇರುತ್ತದೆ. ಹಿಂದೊಂದು ಮುಂದೊಂದು ಇರುವುದೂ ಮಾಮೂಲಿ. ಶಾಫ್ಟ್ ತುದಿಯಲ್ಲಿರುವ ಗೀರುಗಳನ್ನು ಎಣಿಸಿ, ಅದಕ್ಕೆ ಸ್ಪ್ಲೈನ್ ಅನ್ನುತ್ತಾರೆ. 27 ಸ್ಪ್ಲೈನ್ ಶಾಫ್ಟ್ 30 ಸ್ಪ್ಲೈನ್ ಲಾಕರ್‌ಗೆ ಹೋಗುವುದೇ ಇಲ್ಲ.

ಆಮೇಲೆ ಕ್ಯಾರಿಯರ್ ಬ್ರೇಕ್ ಅಂತ ಒಂದಿದೆ. ಪಿನಿಯನ್ ಸಣ್ಣದಾದರೆ ಕ್ರೌನ್ ಅದರ ಕಡೆ ಇನ್ನಷ್ಟು ಸರಿಯಬೇಕಲ್ಲ. ಅದಕ್ಕೇ ಕೆಲವು ಆಕ್ಸಲ್‌ಗಳಲ್ಲಿ ಒಂದು ರೇಶಿಯೊ ದಾಟಿದರೆ ಕ್ಯಾರಿಯರೇ ಬೇರೆ. ಡಾನಾ 44ರಲ್ಲಿ 3.73ವರೆಗೆ ಒಂದು, 3.92ರಿಂದ ಮೇಲೆ ಇನ್ನೊಂದು. ಡಾನಾ 30ರಲ್ಲಿ 3.55ವರೆಗೆ ಒಂದು, 3.73ರಿಂದ ಮೇಲೆ ಇನ್ನೊಂದು. ಡಾನಾ 60ರಲ್ಲಿ ಗಡಿ ಇರುವುದು 4.10 ಮತ್ತು 4.56ರ ನಡುವೆ. ಲಾಕರ್ ಕ್ಯಾರಿಯರ್ ಸಮೇತ ಬರುವುದಾದರೆ, ನೀವು ಹಾಕಲಿರುವ ಹೊಸ ರೇಶಿಯೊಗೆ ಹೊಂದುವುದನ್ನೇ ಕೇಳಿ ತಗೊಳ್ಳಿ, ಹಳೆಯದಕ್ಕಲ್ಲ.

ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಎತ್ತರದಲ್ಲಿದ್ದರೆ ಅದಕ್ಕೆ ರಿವರ್ಸ್ ಕಟ್ ಗೇರ್ ಬೇಕು. ಹಲ್ಲಿನ ಸುತ್ತು ಉಲ್ಟಾ ಇರುತ್ತದೆ. ಮಾಮೂಲಿ ಗೇರ್ ಅಲ್ಲಿ ನಡೆಯುವುದಿಲ್ಲ.

ಗೇರ್ ಜೊತೆ ಪೂರ್ತಿ ಇನ್‌ಸ್ಟಾಲ್ ಕಿಟ್ ತಗೊಳ್ಳಿ. ಪಿನಿಯನ್ ಮತ್ತು ಕ್ಯಾರಿಯರ್ ಬೇರಿಂಗ್, ಆಯಿಲ್ ಸೀಲ್, ಶಿಮ್, ಕ್ರಷ್ ಸ್ಲೀವ್ (ಇದೇನು ಅಂತ ಹಂತ 8ರಲ್ಲಿದೆ), ಪಿನಿಯನ್ ನಟ್, ಕ್ರೌನ್ ಬೋಲ್ಟ್, ಗುರುತು ಹಚ್ಚುವ ಪೇಸ್ಟ್ ಎಲ್ಲ ಅದರಲ್ಲಿ ಇರಬೇಕು. ಹಳೆ ಬೇರಿಂಗ್ ಇನ್ನೂ ಚೆನ್ನಾಗಿದೆ ಅಂತ ಉಳಿಸುವುದು ಸುಳ್ಳು ಉಳಿತಾಯ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ಉಜ್ಜಿ ಹೊಂದಿಸಿದ್ದು. ಎರಡರ ಮೇಲೂ ಕೊರೆದ ಜೋಡಿ ಸಂಖ್ಯೆ ಒಂದೇ ಇದೆಯಾ ಅಂತ ಪೊಟ್ಟಣ ಬಿಚ್ಚಿದ ಕೂಡಲೇ ನೋಡಿ.

ಬೇಕಾದ ಸಾಮಾನು

ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್. ಮೈಕ್ರೋಮೀಟರ್. ಎರಡು ಟಾರ್ಕ್ ವ್ರೆಂಚ್: ಒಂದು ದೊಡ್ಡದು, ಇನ್ನೊಂದು ಇಂಚು-ಪೌಂಡ್ ಅಳೆಯುವ ಸಣ್ಣದು. ಸಣ್ಣದು ಮುಳ್ಳು ತೋರಿಸುವ ಜಾತಿಯದ್ದೇ ಆಗಬೇಕು, ಟಕ್ ಅನ್ನುವ ಕ್ಲಿಕ್ ವ್ರೆಂಚ್‌ನಲ್ಲಿ ತಿರುಗುವ ಬಿಗಿ ಅಳೆಯಲು ಆಗುವುದಿಲ್ಲ. ಬೇರಿಂಗ್ ಪುಲ್ಲರ್, ಹೈಡ್ರಾಲಿಕ್ ಪ್ರೆಸ್, ಹಿತ್ತಾಳೆ ಪಂಚು, ಯೋಕ್ (ಪಿನಿಯನ್ ತುದಿಯಲ್ಲಿ ಪ್ರೊಪೆಲ್ಲರ್ ಶಾಫ್ಟ್ ಸೇರುವ ಭಾಗ) ಹಿಡಿಯಲು ಉದ್ದ ಪಟ್ಟಿ, ಗಟ್ಟಿ ಜಾಕ್ ಸ್ಟ್ಯಾಂಡ್, ಕಣ್ಣಿಗೆ ಕನ್ನಡಕ. ಗಾಡಿಯ ಸರ್ವಿಸ್ ಮ್ಯಾನುವಲ್ ಕೈಗೆಟಕುವಂತಿರಲಿ. ಕೆಳಗೆ ನಾನು ಕೊಡುವ ಅಂಕಿಗಳು ಸಾಮಾನ್ಯವಾಗಿ ಸಿಗುವಂಥವು. ನಿಮ್ಮ ಆಕ್ಸಲ್‌ಗೆ ಮ್ಯಾನುವಲ್ ಮತ್ತು ಗೇರ್ ಜೊತೆ ಬಂದ ಚೀಟಿ ಹೇಳಿದ್ದೇ ಕೊನೆಯ ಮಾತು.

ಸೆಟಪ್ ಬೇರಿಂಗ್ ಅನ್ನುವುದು ದೊಡ್ಡ ಉಪಕಾರ. ಹಳೆ ಬೇರಿಂಗಿನ ಒಳಗಿನ ತೂತನ್ನು ಚೂರು ಸವೆಸಿ, ಕೈಯಲ್ಲೇ ಹಾಕಿ ತೆಗೆಯುವಂತೆ ಮಾಡಿಕೊಳ್ಳುವುದು. ಶಿಮ್ ಬದಲಿಸಲು ಪ್ರತಿ ಸಲ ಪ್ರೆಸ್ ಹತ್ತಿರ ಓಡುವುದು ಇದರಿಂದ ತಪ್ಪುತ್ತದೆ. ಹಳೆಯದು ಮತ್ತು ಹೊಸದು ಒಂದೇ ಕಂಪನಿ, ಒಂದೇ ನಂಬರ್ ಆಗಿರಲಿ. ಇಲ್ಲದಿದ್ದರೆ ದಪ್ಪದಲ್ಲಿ ವ್ಯತ್ಯಾಸ ಬಂದು ಲೆಕ್ಕ ಕೆಡುತ್ತದೆ.

ಹಂತ 1: ಬಿಚ್ಚುವ ಮುಂಚೆ ಅಳತೆ

ಸಮತಟ್ಟಾದ ಗಟ್ಟಿ ನೆಲದಲ್ಲಿ ಗಾಡಿ ನಿಲ್ಲಿಸಿ. ಎತ್ತದ ಚಕ್ರಗಳಿಗೆ ಅಡೆ ಕೊಡಿ. ಛಾಸಿ ಕೆಳಗೆ ಸ್ಟ್ಯಾಂಡ್ ಇಡಿ, ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಚಕ್ರ, ಬ್ರೇಕ್ ತೆಗೆದು ಆಕ್ಸಲ್ ಶಾಫ್ಟ್ ಹೊರಗೆ ಎಳೆಯಿರಿ. ಬ್ರೇಕ್ ಕ್ಯಾಲಿಪರನ್ನು ಹೋಸ್‌ನಲ್ಲಿ ನೇತಾಡಲು ಬಿಡಬೇಡಿ, ತಂತಿಯಿಂದ ಕಟ್ಟಿ. ಕೆಲವು ಆಕ್ಸಲ್‌ಗಳಲ್ಲಿ ಶಾಫ್ಟನ್ನು ಒಳಗಿನಿಂದ ಸಿ ಆಕಾರದ ಕ್ಲಿಪ್ ಹಿಡಿದಿರುತ್ತದೆ. ಅಂಥದ್ದಾದರೆ ಎಣ್ಣೆ ಇಳಿಸಿ ಕವರ್ ತೆಗೆದ ಮೇಲಷ್ಟೇ ಶಾಫ್ಟ್ ಹೊರಬರುತ್ತದೆ.

ಕವರ್ ತೆಗೆದಾಗ ಹಳೆ ಗೇರಿನ ಬ್ಯಾಕ್‌ಲ್ಯಾಷ್ ಅಳೆದು ಬರೆದಿಡಿ. ಹಳೆ ಗೇರ್ ಸದ್ದಿಲ್ಲದೆ ಓಡುತ್ತಿದ್ದರೆ ಅದರ ಹಲ್ಲಿಗೂ ಪೇಸ್ಟ್ ಹಚ್ಚಿ ಗುರುತಿನ ಫೋಟೋ ತೆಗೆಯಿರಿ. ಸರಿ ಇದ್ದಾಗ ಹೇಗಿತ್ತು ಅಂತ ಗೊತ್ತಿದ್ದರೆ ಮುಂದೆ ತಲೆನೋವು ಕಮ್ಮಿ.

ಹಂತ 2: ಕ್ಯಾರಿಯರ್, ಪಿನಿಯನ್ ಹೊರಗೆ

ಕ್ಯಾರಿಯರನ್ನು ಹಿಡಿದಿರುವ ಎರಡು ಬೇರಿಂಗ್ ಕ್ಯಾಪ್‌ಗಳಿಗೆ ಪಂಚಿನಿಂದ ಗುರುತು ಹಾಕಿ. ಎಡಕ್ಕೆ ಒಂದು ಚುಕ್ಕಿ, ಬಲಕ್ಕೆ ಎರಡು, ಮೇಲೆ ಯಾವುದು ಅನ್ನುವುದೂ ಗೊತ್ತಾಗಬೇಕು. ಇವನ್ನು ಹೌಸಿಂಗ್‌ಗೆ ಕಟ್ಟಿ ಒಟ್ಟಿಗೇ ಕೊರೆದಿರುತ್ತಾರೆ. ಅದಲು ಬದಲಾದರೆ ಬೇರಿಂಗ್ ಸುತ್ತು ಸರಿಯಾಗಿ ಕೂರುವುದಿಲ್ಲ.

ಕ್ಯಾರಿಯರ್ ಬಿಗಿಯಾಗಿ ಕೂತಿರುತ್ತದೆ, ಮೀಟಿ ತೆಗೆಯಬೇಕು. ಡಾನಾ ತರಹದಲ್ಲಿ ಹೌಸಿಂಗ್ ಅಗಲಿಸುವ ಸ್ಪ್ರೆಡರ್ ಬಳಸುವುದುಂಟು. 0.4 ಮಿ.ಮೀ.ಗಿಂತ ಹೆಚ್ಚು ಅಗಲಿಸಬೇಡಿ, ಹೌಸಿಂಗ್ ವಾಪಸ್ ಬರದೆ ಹೋಗಬಹುದು. ಹೊರಗೆ ಬರುವಾಗ ಕ್ಯಾರಿಯರ್ ಧುತ್ತೆಂದು ಬೀಳುತ್ತದೆ. ಒಬ್ಬರು ಹಿಡಿದುಕೊಳ್ಳಲಿ, ಬೆರಳು ಕೆಳಗೆ ಇರದಿರಲಿ. ಎಡದ ಶಿಮ್ ಎಡಕ್ಕೆ, ಬಲದ್ದು ಬಲಕ್ಕೆ ಅಂತ ಬೇರೆ ಬೇರೆ ಚೀಲದಲ್ಲಿ ಹಾಕಿ.

ಆಮೇಲೆ ಯೋಕ್ ಹಿಡಿದು ಪಿನಿಯನ್ ನಟ್ ಬಿಚ್ಚಿ. ಪಿನಿಯನ್ ತಲೆ ಹತ್ತಿರದ ಶಿಮ್ ದಪ್ಪವನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ಹೊಸದಕ್ಕೂ ಶುರು ಮಾಡುವುದು ಇದೇ ದಪ್ಪದಿಂದ. ಕ್ರೌನ್ ಬೋಲ್ಟ್ ಬಿಚ್ಚುವಾಗ ಹುಷಾರು, ಕೆಲವು ಆಕ್ಸಲ್‌ಗಳಲ್ಲಿ ಅವು ಎಡ ಮರೆ (ಥ್ರೆಡ್), ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವಂಥವು. ಬೋಲ್ಟ್ ತಲೆ ಮೇಲೆ ಎಲ್ ಗುರುತು ಇದೆಯಾ ನೋಡಿ, ಆಮೇಲೆ ಬಲ ಹಾಕಿ.

ಹಂತ 3: ತೊಳೆಯುವುದು, ತೂತು ಕೊರೆಯುವುದು

ಹೌಸಿಂಗ್ ಖಾಲಿ ಇರುವಾಗಲೇ ಏರ್ ಲಾಕರ್‌ನ ಪೈಪಿಗೆ ತೂತು ಕೊರೆಯಬೇಕು. ಎಆರ್‌ಬಿಯದಾದರೆ 7/16 ಇಂಚಿನ ಡ್ರಿಲ್, ಆಮೇಲೆ ಕಾಲು ಇಂಚಿನ ಎನ್‌ಪಿಟಿ (ಪೈಪ್ ಜೋಡಿಸುವ) ಮರೆ. ಮೇಲ್ಭಾಗದಲ್ಲಿ, ಕ್ರೌನ್ ಬೋಲ್ಟ್ ತಗುಲದ ಕಡೆ, ಸಸ್ಪೆನ್ಷನ್ ಕೆಳಗೆ ಇಳಿದಾಗಲೂ ಏನೂ ಬಡಿಯದ ಜಾಗ ಆರಿಸಿ. ಡ್ರಿಲ್ಲಿಗೆ ಗ್ರೀಸ್ ಬಳಿದರೆ ಪುಡಿ ಅದಕ್ಕೇ ಅಂಟುತ್ತದೆ. ಇ-ಲಾಕರ್ ಆದರೆ ವೈರ್ ಹೊರಬರಲು ತೂತು.

ಈಗ ತೊಳೆಯಿರಿ. ಆಕ್ಸಲ್ ಟ್ಯೂಬ್ ಒಳಗೂ ಬಟ್ಟೆ ತುರುಕಿ ಎಳೆಯಿರಿ. ಒಂದು ಕಬ್ಬಿಣದ ಪುಡಿ ಉಳಿದರೂ ಅದು ಹೋಗಿ ಸೇರುವುದು ಹೊಸ ಬೇರಿಂಗ್ ಒಳಗೆ.

ಹಂತ 4: ಕ್ರೌನನ್ನು ಲಾಕರ್‌ಗೆ ಕಟ್ಟುವುದು

ಕ್ರೌನ್ ಕೂರುವ ಮುಖದಲ್ಲಿ ಗೀರು, ಉಬ್ಬು ಇದ್ದರೆ ಎಣ್ಣೆಗಲ್ಲಿನಿಂದ ಉಜ್ಜಿ. ಕ್ರೌನನ್ನು ಓವನ್‌ನಲ್ಲಿ 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿ ಮಾಡಿದರೆ ಹಿಗ್ಗಿ ಸಲೀಸಾಗಿ ಕೂರುತ್ತದೆ. ಗ್ಯಾಸ್ ಜ್ವಾಲೆ ಹಿಡಿಯಬೇಡಿ, ಹದ ಹೋಗುತ್ತದೆ. ಸುತ್ತಿಗೆಯೂ ಬೇಡ. ಹೊಸ ಬೋಲ್ಟ್, ಕೆಂಪು ಥ್ರೆಡ್‌ಲಾಕರ್ ಹಾಕಿ ಎದುರು ಬದುರಾಗಿ, ಸ್ವಲ್ಪ ಸ್ವಲ್ಪವಾಗಿ, ಮ್ಯಾನುವಲ್ ಹೇಳಿದ ಟಾರ್ಕ್‌ಗೆ ಬಿಗಿ ಮಾಡಿ. ಮರೆಯಲ್ಲಿ ಎಣ್ಣೆ ಇದ್ದರೆ ಥ್ರೆಡ್‌ಲಾಕರ್ ಹಿಡಿಯುವುದಿಲ್ಲ, ಮೊದಲು ಒರೆಸಿ.

ಏರ್ ಲಾಕರ್ ಆದರೆ ಈಗಲೇ, ಮೇಜಿನ ಮೇಲೆಯೇ, ಗಾಳಿ ಕೊಟ್ಟು ಪರೀಕ್ಷಿಸಿ. ಲಾಕ್ ಆಗುತ್ತಿದೆಯಾ, ಸೀಲ್ ಹೌಸಿಂಗಿನ ಓ-ರಿಂಗಿನಿಂದ ಸೋರುತ್ತಿದೆಯಾ ಅಂತ ನೋಡಿ. ಎಲ್ಲ ಮುಚ್ಚಿದ ಮೇಲೆ ಗೊತ್ತಾದರೆ ಪೂರ್ತಿ ವಾಪಸ್ ಬಿಚ್ಚಬೇಕು.

ಹಂತ 5: ಪಿನಿಯನ್ ಆಳ

ಪಿನಿಯನ್ ಕ್ರೌನಿನ ಕಡೆಗೆ ಎಷ್ಟು ಒಳಗೆ ಚಾಚಿದೆ ಅನ್ನುವುದೇ ಆಳ. ಶಿಮ್ ಬೇರಿಂಗ್ ಮತ್ತು ಪಿನಿಯನ್ ತಲೆಯ ನಡುವೆ ಇರಲಿ, ಬೇರಿಂಗ್ ರೇಸ್ (ಹೊರ ಬಳೆ) ಹಿಂದೆ ಇರಲಿ, ದಪ್ಪ ಹೆಚ್ಚಿದಷ್ಟೂ ಪಿನಿಯನ್ ಕ್ರೌನ್ ಕಡೆ ಸರಿಯುತ್ತದೆ. ಹಳೆ ಶಿಮ್ ದಪ್ಪವನ್ನೇ ಹಾಕಿ ಶುರು ಮಾಡಿ. ಪಿನಿಯನ್ ತಲೆಯ ಮೇಲೆ +2, −1 ಅಂತ ಕೊರೆದಿದ್ದರೆ ಅದು ಇಂಚಿನ ಸಾವಿರದ ಭಾಗದ ಲೆಕ್ಕ. ಹಳೆಯದು +2, ಹೊಸದು −1 ಆದರೆ 0.003 ಇಂಚು, ಅಂದರೆ ಸುಮಾರು 0.08 ಮಿ.ಮೀ. ಸೇರಿಸಿ ಶುರು ಮಾಡಿ.

ಸೆಟಪ್ ಬೇರಿಂಗ್ ಹಾಕಿ, ಕ್ರಷ್ ಸ್ಲೀವ್ ಮತ್ತು ಸೀಲ್ ಇಲ್ಲದೆ, ಹಳೆ ನಟ್ಟಿನಿಂದ ಪಿನಿಯನ್ ಕೂರಿಸಿ. ಪ್ಲೇ ಪೂರ್ತಿ ಹೋಗಿ ಚೂರು ಬಿಗಿಯಾಗಿ ತಿರುಗುವಷ್ಟು ಸಾಕು. ಸ್ಲೀವ್ ಇಲ್ಲದಿರುವಾಗ ಒಂದೆರಡು ಡಿಗ್ರಿ ಜಾಸ್ತಿ ತಿರುಗಿಸಿದರೂ ಬೇರಿಂಗ್ ಹಾಳು. ಇಲ್ಲಿ ಇಂಪ್ಯಾಕ್ಟ್ ಗನ್ ಮುಟ್ಟಬೇಡಿ.

ಹಂತ 6: ಬ್ಯಾಕ್‌ಲ್ಯಾಷ್

ಕ್ಯಾರಿಯರ್ ಕೂರಿಸಿ, ಕ್ಯಾಪ್ ಬಿಗಿ ಮಾಡಿ. ಡಯಲ್ ಗೇಜಿನ ಮೊನೆಯನ್ನು ಕ್ರೌನ್ ಹಲ್ಲಿನ ಹೊರ ಅಂಚಿಗೆ, ಹಲ್ಲು ಚಲಿಸುವ ದಿಕ್ಕಿಗೇ ನೇರವಾಗಿ ಇಡಿ. ಓರೆ ಇಟ್ಟರೆ ಸುಳ್ಳು ಅಂಕಿ ಬರುತ್ತದೆ. ಪಿನಿಯನ್ ಅಲ್ಲಾಡದಂತೆ ಹಿಡಿದು ಕ್ರೌನ್ ಆಡಿಸಿ. ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಬರಬೇಕು. ಸುತ್ತಲೂ ನಾಲ್ಕು ಕಡೆ ಅಳೆಯಿರಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ 0.08 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಕ್ರೌನ್ ಕೆಳಗೆ ಕಸ ಸಿಕ್ಕಿಕೊಂಡಿದೆ, ಇಲ್ಲವೇ ಬೋಲ್ಟ್ ಸಮ ಬಿಗಿ ಆಗಿಲ್ಲ.

ಪ್ಲೇ ಜಾಸ್ತಿ ಇದ್ದರೆ ಕ್ರೌನಿನ ಬೆನ್ನಿನ ಬದಿಗೆ ಶಿಮ್ ಸೇರಿಸಿ, ಅಷ್ಟೇ ದಪ್ಪವನ್ನು ಹಲ್ಲಿನ ಬದಿಯಿಂದ ತೆಗೆಯಿರಿ. ಕಮ್ಮಿ ಇದ್ದರೆ ಉಲ್ಟಾ. ಒಂದು ಕಡೆಯದನ್ನು ಮಾತ್ರ ಮುಟ್ಟಿದರೆ ಕ್ಯಾರಿಯರ್ ಬೇರಿಂಗಿನ ಪ್ರೀಲೋಡ್ ಕೆಡುತ್ತದೆ. ಅಂದಾಜಿಗೆ ಒಂದು ಲೆಕ್ಕ: ಕ್ಯಾರಿಯರ್ 0.10 ಮಿ.ಮೀ. ಸರಿದರೆ ಬ್ಯಾಕ್‌ಲ್ಯಾಷ್ ಬದಲಾಗುವುದು ಸುಮಾರು 0.07. ಟೊಯೋಟಾ 8 ಇಂಚು, ಫೋರ್ಡ್ 9 ಇಂಚು ತರಹದ್ದರಲ್ಲಿ ಶಿಮ್ ಬದಲು ಎರಡೂ ಬದಿ ತಿರುಗಿಸುವ ಮರೆ ರಿಂಗ್ ಇರುತ್ತದೆ. ಜೊತೆಗೆ ಇಡೀ ಗೇರ್ ಗೂಡನ್ನೇ ಮೇಜಿಗೆ ತಂದು ಕೆಲಸ ಮಾಡಬಹುದು. ಅಂಥ ಆಕ್ಸಲ್ ಇದ್ದವರು ಪುಣ್ಯವಂತರು.

ಹಂತ 7: ಹಲ್ಲಿನ ಗುರುತು ಓದುವುದು

ಇಡೀ ಕೆಲಸದ ಜೀವ ಇಲ್ಲಿದೆ. ಹಳದಿ ಪೇಸ್ಟನ್ನು ತೆಳುವಾಗಿ ಕ್ರೌನಿನ ಮೂರು ನಾಲ್ಕು ಹಲ್ಲಿನ ಎರಡೂ ಮುಖಕ್ಕೆ ಬಳಿಯಿರಿ. ಸುತ್ತಿನಲ್ಲಿ ಇನ್ನೊಂದು ಕಡೆಯೂ ಹೀಗೇ ಮಾಡಿ. ಯೋಕ್‌ಗೆ ಬಟ್ಟೆ ಸುತ್ತಿ ತಡೆ ಕೊಡುತ್ತಾ, ಕ್ರೌನ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಆ ಹಲ್ಲುಗಳನ್ನು ಪಿನಿಯನ್ ದಾಟಿಸಿ, ವಾಪಸ್ ತನ್ನಿ. ತಡೆ ಇಲ್ಲದೆ ತಿರುಗಿಸಿದರೆ ಗುರುತು ಮಸುಕಾಗಿ ಏನೂ ತಿಳಿಯುವುದಿಲ್ಲ.

ಉಬ್ಬಿದ ಮುಖ ಡ್ರೈವ್ ಬದಿ, ತಗ್ಗಿದ ಮುಖ ಕೋಸ್ಟ್ ಬದಿ. ಮುಂದಿನ ಆಕ್ಸಲ್‌ನಲ್ಲಿ ಪಿನಿಯನ್ ಕೆಳಗಿದ್ದು ಮಾಮೂಲಿ ಗೇರ್ ಇದ್ದರೆ, ಗಾಡಿ ಮುಂದೆ ಹೋಗುವಾಗ ದುಡಿಯುವುದು ಕೋಸ್ಟ್ ಬದಿ. ಅಲ್ಲಿ ಆ ಬದಿಯನ್ನೂ ಅಷ್ಟೇ ಎಚ್ಚರದಿಂದ ನೋಡಿ.

ಮೊದಲು ನೋಡಬೇಕಾದ್ದು ಗುರುತು ಹಲ್ಲಿನ ಬುಡದಲ್ಲಿದೆಯೋ ತುದಿಯಲ್ಲಿದೆಯೋ ಅನ್ನುವುದನ್ನು. ಎರಡೂ ಬದಿಯಲ್ಲಿ ಗುರುತು ಬುಡಕ್ಕೆ ಅಂಟಿಕೊಂಡು, ಕೆಳ ಅಂಚು ಕತ್ತರಿಸಿದ ಹಾಗೆ ಚೂಪಾಗಿದ್ದರೆ ಪಿನಿಯನ್ ತೀರಾ ಹತ್ತಿರ ಬಂದಿದೆ. ಶಿಮ್ ಕಮ್ಮಿ ಮಾಡಿ. ಗುರುತು ತುದಿ ಕಡೆ ಏರಿದ್ದರೆ ಪಿನಿಯನ್ ದೂರ ಇದೆ. ಶಿಮ್ ಸೇರಿಸಿ. ನಡುವೆ ಮೊಟ್ಟೆಯಾಕಾರದಲ್ಲಿ, ಸುತ್ತಲೂ ಅಂಚು ಮಾಸಿದ ಹಾಗೆ ಬಂದರೆ ಅದೇ ಬೇಕಾದದ್ದು.

ಹಲ್ಲಿನ ಉದ್ದಕ್ಕೆ ಗುರುತು ಚೂರು ಆ ಕಡೆ ಈ ಕಡೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅದು ಹೆಚ್ಚಾಗಿ ಬ್ಯಾಕ್‌ಲ್ಯಾಷ್ ಜೊತೆ ಸರಿದಾಡುತ್ತದೆ. ಅಂಚಿಗೆ ಹೋಗಿ ಹೊರಗೆ ಚೆಲ್ಲದಿದ್ದರೆ ಸಾಕು. ಒಂದು ಬದಿ ಬುಡಕ್ಕೆ, ಇನ್ನೊಂದು ಬದಿ ತುದಿಗೆ ತೋರಿಸುತ್ತಿದ್ದರೆ ಮಾತ್ರ ನಿಲ್ಲಿಸಿ. ಗೇರ್ ಜೋಡಿ ತಪ್ಪಿರಬಹುದು, ಇಲ್ಲವೇ ಯಾವುದೋ ಬೇರಿಂಗ್ ರೇಸ್ ಪೂರ್ತಿ ಕೂತಿಲ್ಲ.

ಶಿಮ್ ಬದಲಿಸುವಾಗ ಮೊದಮೊದಲು ಧೈರ್ಯವಾಗಿ 0.15ರಿಂದ 0.25 ಮಿ.ಮೀ. ಬದಲಿಸಿ. ಗುರುತು ಬುಡದಿಂದ ತುದಿಗೆ ಹಾರಿದರೆ ಸರಿಯಾದದ್ದು ಆ ಎರಡರ ನಡುವೆ ಇದೆ ಅಂತಾಯಿತು. ಆಮೇಲೆ ಅರ್ಧ, ಅದರ ಅರ್ಧ. ಚೂರು ಚೂರೇ ಬದಲಿಸುತ್ತಾ ಹೋದರೆ ರಾತ್ರಿ ಆದರೂ ಮುಗಿಯುವುದಿಲ್ಲ. ಪ್ರತಿ ಸಲ ಪಿನಿಯನ್ ಶಿಮ್ ಬದಲಿಸಿದ ಮೇಲೆ ಬ್ಯಾಕ್‌ಲ್ಯಾಷ್ ಮತ್ತೆ ಹೊಂದಿಸಿಯೇ ಗುರುತು ನೋಡಬೇಕು. ಎಷ್ಟು ಶಿಮ್, ಎಷ್ಟು ಪ್ಲೇ, ಗುರುತು ಹೇಗಿತ್ತು ಅಂತ ಚೀಟಿಯಲ್ಲಿ ಬರೆಯುತ್ತಾ ಹೋಗಿ. ಐದಾರು ಸಲ ಹಾಕಿ ತೆಗೆಯುವುದು ಪಳಗಿದವರಿಗೂ ತಪ್ಪಿದ್ದಲ್ಲ.

ಹಂತ 8: ಅಂತಿಮ ಬೇರಿಂಗ್, ಕ್ರಷ್ ಸ್ಲೀವ್

ಗುರುತು ಒಪ್ಪಿಗೆಯಾದ ಮೇಲೆ ಎಲ್ಲ ಬಿಚ್ಚಿ, ಸೆಟಪ್ ಬೇರಿಂಗ್ ಜಾಗಕ್ಕೆ ಹೊಸ ಬೇರಿಂಗ್ ಪ್ರೆಸ್ ಮಾಡಿ. ಒಳಗಿನ ಬಳೆಯ ಮೇಲೆ ಮಾತ್ರ ಒತ್ತಬೇಕು. ರೋಲರಿನ ಜಾಲರಿ ಮೇಲೆ ಒತ್ತಿದರೆ ಬೇರಿಂಗ್ ಅಲ್ಲಿಗೇ ಮುಗಿಯಿತು. ಬೇರಿಂಗಿಗೆ ಗೇರ್ ಆಯಿಲ್ ಸವರಿ, ಹೊಸ ಕ್ರಷ್ ಸ್ಲೀವ್, ಹೊಸ ಸೀಲ್ ಹಾಕಿ ಯೋಕ್ ಕೂರಿಸಿ.

ಕ್ರಷ್ ಸ್ಲೀವ್ ಅನ್ನುವುದು ಎರಡು ಪಿನಿಯನ್ ಬೇರಿಂಗ್ ನಡುವೆ ಇರುವ ಮೆದು ಕೊಳವೆ. ನಟ್ ಬಿಗಿ ಮಾಡಿದಂತೆ ಅದು ಕುಗ್ಗಿ ಪ್ರೀಲೋಡ್ ಬರುತ್ತದೆ. ಕುಗ್ಗಲು ಶುರುವಾಗುವವರೆಗೆ ವಿಪರೀತ ಬಲ ಬೇಕು, ಉದ್ದ ಪೈಪ್ ಹಾಕಿ ಒತ್ತಬೇಕಾಗುತ್ತದೆ. ಶುರುವಾದ ಮೇಲೆ ಬೇಗ ಬೇಗ ಹೋಗಿಬಿಡುತ್ತದೆ. ಹಾಗಾಗಿ ಪ್ಲೇ ಹೋಯಿತು ಅನ್ನಿಸಿದ ಮೇಲೆ ಚೂರೇ ಚೂರು ತಿರುಗಿಸಿ, ಪ್ರತಿ ಸಲ ಸಣ್ಣ ಟಾರ್ಕ್ ವ್ರೆಂಚಿನಿಂದ ಪಿನಿಯನ್ ತಿರುಗಿಸಿ ಅಳೆಯಿರಿ. ಹೊಸ ಬೇರಿಂಗಿಗೆ ಸಾಮಾನ್ಯವಾಗಿ 15ರಿಂದ 30 ಇಂಚು-ಪೌಂಡ್, ಅಂದರೆ 1.7ರಿಂದ 3.4 ನ್ಯೂಟನ್ ಮೀಟರ್. ಓಡಿದ ಬೇರಿಂಗಿಗೆ ಇದರ ಅರ್ಧದಷ್ಟು. ತಿರುಗುತ್ತಿರುವಾಗ ಮುಳ್ಳು ತೋರಿಸುವುದನ್ನು ಓದಿ, ತಿರುಗಲು ಶುರುವಾಗುವ ಕ್ಷಣದ್ದನ್ನಲ್ಲ. ಇದನ್ನು ಕ್ಯಾರಿಯರ್ ಕೂರಿಸುವ ಮೊದಲೇ ಅಳೆಯಬೇಕು.

ಅಳತೆ ಮೀರಿ ಬಿಗಿಯಾಯಿತಾ? ನಟ್ ಸಡಿಲ ಮಾಡಿ ಸರಿ ಮಾಡಲು ಹೋಗಬೇಡಿ. ಕುಗ್ಗಿದ ಸ್ಲೀವ್ ವಾಪಸ್ ಹಿಗ್ಗುವುದಿಲ್ಲ, ನಟ್ ಸಡಿಲವಾಗಿ ಉಳಿದು ಪಿನಿಯನ್ ಅಲ್ಲಾಡುತ್ತದೆ. ಹೊಸ ಸ್ಲೀವ್ ಹಾಕಿ ಮತ್ತೆ ಶುರು ಮಾಡಿ. ಇದಕ್ಕೇ ಒಂದು ಸ್ಲೀವ್ ಜಾಸ್ತಿ ತಂದಿಟ್ಟುಕೊಳ್ಳಿ. ಕಲ್ಲು ಹತ್ತುವ ಗಾಡಿಗೆ ಸ್ಲೀವ್ ಬದಲು ಶಿಮ್ ಜೊತೆ ಬರುವ ಗಟ್ಟಿ ಸ್ಪೇಸರ್ ಸಿಕ್ಕರೆ ಅದನ್ನೇ ಹಾಕಿ ಅನ್ನುತ್ತೇನೆ. ಬಡಿತಕ್ಕೆ ಅದು ಮತ್ತಷ್ಟು ಕುಗ್ಗುವುದಿಲ್ಲ.

ಈಗ ಕ್ಯಾರಿಯರ್ ಕೂರಿಸಿ, ಕ್ಯಾಪ್ ಅದರದರ ಬದಿಗೆ ಹಾಕಿ ಟಾರ್ಕ್ ಮಾಡಿ. ಬ್ಯಾಕ್‌ಲ್ಯಾಷ್ ಮತ್ತು ಗುರುತು ಕೊನೆಯ ಸಲ ನೋಡಿ.

ಹಂತ 9: ಗಾಳಿ, ವೈರು

ಒಳಗಿನ ತಾಮ್ರದ ಪೈಪನ್ನು ಕೈಯಲ್ಲೇ ನಿಧಾನ ಬಗ್ಗಿಸಿ. ಒಂದೇ ಕಡೆ ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಕ್ರೌನನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲೂ ತಗುಲುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಿ. ಹೊರಗಿನ ನೈಲಾನ್ ಪೈಪ್ ಸೈಲೆನ್ಸರಿನಿಂದ ದೂರ ಇರಲಿ, ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗ ಎಳೆಯದಷ್ಟು ಉದ್ದ ಇರಲಿ. ಕಂಪ್ರೆಸರಿಗೆ ಫ್ಯೂಸ್ ಮತ್ತು ರಿಲೇ ಕಡ್ಡಾಯ. ಸ್ವಿಚ್ಚಿಗೆ ಮುಚ್ಚಳ ಇದ್ದರೆ ಒಳ್ಳೆಯದು, ಹೆದ್ದಾರಿಯಲ್ಲಿ ಮೊಣಕೈ ತಗುಲಿ ಲಾಕ್ ಆಗಬಾರದು.

ಪರೀಕ್ಷೆ ಸುಲಭ. ಶಾಫ್ಟ್‌ಗಳನ್ನು ವಾಪಸ್ ಹಾಕಿ, ಎರಡೂ ಚಕ್ರ ಗಾಳಿಯಲ್ಲಿರುವಾಗ, ಪ್ರೊಪೆಲ್ಲರ್ ಶಾಫ್ಟ್ ತಿರುಗದಂತೆ ಗೇರಿನಲ್ಲಿಟ್ಟು ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಲಾಕ್ ಇಲ್ಲದಿದ್ದರೆ ಇನ್ನೊಂದು ಉಲ್ಟಾ ತಿರುಗುತ್ತದೆ. ಲಾಕ್ ಹಾಕಿದರೆ ಎರಡೂ ತಿರುಗುವುದಿಲ್ಲ.

ಹಂತ 10: ಎಣ್ಣೆ, ಪಳಗಿಸುವುದು

ಕವರ್ ಹಾಕಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ತುಂಬಿ. ತುಂಬುವ ತೂತಿನ ಕೆಳ ಅಂಚಿಗೆ ಬರುವವರೆಗೆ. ಎಷ್ಟು ದಪ್ಪದ್ದು ಅನ್ನುವುದಕ್ಕೆ ಲಾಕರ್ ತಯಾರಕರ ಚೀಟಿ ನೋಡಿ. ಕ್ಲಚ್ ಇರುವ ಲಿಮಿಟೆಡ್ ಸ್ಲಿಪ್‌ಗೆ ಹಾಕುವ ಫ್ರಿಕ್ಷನ್ ಮಾಡಿಫೈಯರ್ ಏರ್ ಲಾಕರಿಗೆ ಬೇಡ.

ಹೊಸ ಗೇರ್ ಮೊದಲ ಓಟದಲ್ಲಿ ವಿಪರೀತ ಬಿಸಿಯಾಗುತ್ತದೆ. 15–20 ನಿಮಿಷ ನಿಧಾನಕ್ಕೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಹೀಗೆ ಎರಡು ಮೂರು ಸಲ. ಮೊದಲ 800 ಕಿ.ಮೀ. ಭಾರ ಎಳೆಯುವುದು, ಜೋರು ಓಟ, ಕಲ್ಲು ಹತ್ತುವುದು ಯಾವುದೂ ಬೇಡ. 800 ಆದ ಮೇಲೆ ಎಣ್ಣೆ ಇಳಿಸಿ ಹೊಸದು ಹಾಕಿ. ಹಳೆ ಎಣ್ಣೆಯಲ್ಲಿ ನುಣ್ಣನೆಯ ಬೂದು ಪುಡಿ ಇದ್ದರೆ ಸಹಜ. ಬೆರಳಿಗೆ ಸಿಗುವ ಚೂರು ಇದ್ದರೆ ಕವರ್ ಬಿಚ್ಚಿ ನೋಡಿ.

ಆಮೇಲೆ

ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸ್‌ನಲ್ಲಿದ್ದರೆ ರೇಶಿಯೊ ಬದಲಾದ ಕೂಡಲೇ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಹೊಸ ರೇಶಿಯೊ ಮತ್ತು ಟೈರ್ ಎತ್ತರವನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸಬೇಕು. ಹಳೆಯ ಗಾಡಿಯಾದರೆ ಸ್ಪೀಡೋಮೀಟರಿನ ಪ್ಲಾಸ್ಟಿಕ್ ಗೇರ್ ಬದಲಿಸಬೇಕು.

ಸದ್ದು ಬಂದರೆ ಯಾವಾಗ ಬರುತ್ತದೆ ಅಂತ ಮೊದಲು ಗಮನಿಸಿ. ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಅಥವಾ ಬಿಟ್ಟಾಗ ಮಾತ್ರ ಕೂಗಿದರೆ ಮೊದಲ ಅನುಮಾನ ಪಿನಿಯನ್ ಆಳ ಮತ್ತು ಪ್ರೀಲೋಡ್ ಮೇಲೆ. ಎರಡರಲ್ಲೂ ಒಂದೇ ಸಮನೆ ಗುರ್ ಅಂದರೆ ಬೇರಿಂಗ್. "ಓಡಿಸ್ತಾ ಓಡಿಸ್ತಾ ಸರಿ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗುರುತು ತಪ್ಪಿದ ಗೇರ್ ಓಡಿದಷ್ಟೂ ಕೆಡುತ್ತದೆ.

ಲಾಕರನ್ನು ಗಟ್ಟಿ ಡಾಂಬರು ರಸ್ತೆಯಲ್ಲಿ ಹಾಕಬೇಡಿ. ಹಾಕಬೇಕಾದ್ದು ಸಿಕ್ಕಿಹಾಕಿಕೊಂಡ ಮೇಲಲ್ಲ, ಕಷ್ಟದ ಜಾಗಕ್ಕೆ ಇಳಿಯುವ ಮುಂಚೆ, ಗಾಡಿ ನಿಂತಿರುವಾಗ. ಚಕ್ರ ಜೋರಾಗಿ ತಿರುಗುತ್ತಿರುವಾಗ ಸ್ವಿಚ್ ಒತ್ತಿದರೆ ಒಳಗಿನ ಹಲ್ಲುಗಳಿಗೆ ಪೆಟ್ಟು. ಪಕ್ಕಕ್ಕೆ ವಾಲಿದ ಜಾರು ಇಳಿಜಾರಿನಲ್ಲಿ ಲಾಕ್ ಹಾಕಿದರೆ ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಟ್ಟು ಗಾಡಿ ಪಕ್ಕಕ್ಕೆ ಜಾರುತ್ತದೆ, ಅಲ್ಲಿ ತೆಗೆದುಬಿಡಿ. ಮುಂದಿನ ಲಾಕರ್ ಹಾಕಿದ್ದಾಗ ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ತುಳಿಯಬೇಡಿ. ಮೊದಲು ಮುರಿಯುವುದು ಅಲ್ಲಿನ ಜಾಯಿಂಟ್. ಇಷ್ಟು ದಿನ ಸುಮ್ನೆ ತಿರುಗಿ ತಪ್ಪಿಸಿಕೊಳ್ಳುತ್ತಿದ್ದ ಬಲವೆಲ್ಲ ಇನ್ನು ಮುಂದೆ ಆ ಶಾಫ್ಟಿನ ಮೇಲೆಯೇ ಬೀಳುತ್ತದೆ. ಟೈರ್ 35 ಇಂಚು ದಾಟಿದ್ದರೆ ಗಟ್ಟಿ ಶಾಫ್ಟ್ ಹಾಕಿಸುವ ಲೆಕ್ಕವನ್ನೂ ಈಗಲೇ ಇಟ್ಟುಕೊಳ್ಳಿ.